ಆನುವಂಶಿಕ ಕರುಳಿನ ಕ್ಯಾನ್ಸರ್ ಪತ್ತೆ: ಯಾವ ಆಸ್ಪತ್ರೆಗೆ ಯಾವ ದಾರಿ?

ದೊಡ್ಡಕರುಳಿನಲ್ಲಿ ಅಥವಾ ಗುದನಾಳದಲ್ಲಿ ಕ್ಯಾನ್ಸರ್ ಇದೆಯೆಂದು ಬಯಾಪ್ಸಿ ವರದಿ ಬಂದ ಕೂಡಲೇ ಆಪರೇಷನ್, ಕೀಮೋಥೆರಪಿ, ಖರ್ಚುವೆಚ್ಚದ ಮಾತುಗಳು ಮುಂದೆ ಬರುತ್ತವೆ. ಈ ಕಾಯಿಲೆ ಮನೆತನದಲ್ಲಿ ಹರಿದು ಬಂದದ್ದಿರಬಹುದೇ ಎಂಬ ಪ್ರಶ್ನೆಯನ್ನು ಬಹಳ ಸಲ ಯಾರೂ ಎತ್ತುವುದಿಲ್ಲ. ಎತ್ತಿದಾಗಲೂ ವೈದ್ಯರ ಮುಂದೆ ಹಲವು ದಾರಿಗಳಿರುತ್ತವೆ. ಕುಟುಂಬದ ಚರಿತ್ರೆ ಕೇಳಿ ನಿರ್ಧರಿಸಬಹುದು, ಅಪಾಯದ ಪ್ರಮಾಣವನ್ನು ಲೆಕ್ಕ ಹಾಕಿಕೊಡುವ ಮಾದರಿಯನ್ನು ಬಳಸಬಹುದು, ಗೆಡ್ಡೆಯ ತುಣುಕನ್ನೇ ಪರೀಕ್ಷಿಸಬಹುದು, ಇಲ್ಲವೇ ನೇರವಾಗಿ ರಕ್ತ ತೆಗೆದು ಜೀನ್ ಪರೀಕ್ಷೆಗೆ ಕಳುಹಿಸಬಹುದು. ಜಿಲ್ಲಾ ಆಸ್ಪತ್ರೆಯ ಸರ್ಜನ್‌ಗೆ ಒಪ್ಪುವ ಉತ್ತರ ಬೆಂಗಳೂರಿನ ದೊಡ್ಡ ಕ್ಯಾನ್ಸರ್ ಕೇಂದ್ರಕ್ಕೆ ಒಪ್ಪಬೇಕೆಂದಿಲ್ಲ. ಆದ್ದರಿಂದ ಈ ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಹುಡುಕಬೇಕಾದದ್ದು ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು ಮೂರು ಲಿಂಚ್ ಸಿಂಡ್ರೋಮ್‌ನಿಂದ ಬರುತ್ತವೆ. ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಎಂಬ ನಾಲ್ಕು ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವುದು ಇದರ ಮೂಲ. ಎಂಎಸ್‌ಎಚ್2ರ ಪಕ್ಕದಲ್ಲಿರುವ ಇಪಿಸಿಎಎಂ ಜೀನಿನ ಕೊನೆಯ ಭಾಗ ಅಳಿದುಹೋದಾಗಲೂ ಇದೇ ಫಲ. ಇದಲ್ಲದೆ ಎಪಿಸಿ ಜೀನಿನ ದೋಷದಿಂದ ಕರುಳಿನ ತುಂಬ ನೂರಾರು, ಸಾವಿರಾರು ಪಾಲಿಪ್‌ಗಳು (ಒಳಗೋಡೆಯ ಸಣ್ಣ ಗಂಟುಗಳು) ಹುಟ್ಟುವ ಎಫ್‌ಎಪಿ ಇದೆ, ಮ್ಯುಟಿವೈಎಚ್ ಜೀನಿನ ಪಾಲಿಪೋಸಿಸ್ ಇದೆ, ಇನ್ನೂ ಅಪರೂಪದ ಕೆಲವು ಇವೆ. ನೂರಕ್ಕೆ ಮೂರು ಎಂಬುದು ಸಣ್ಣ ಸಂಖ್ಯೆಯಂತೆ ಕಾಣಬಹುದು. ಆದರೆ ಲಿಂಚ್ ಇರುವ ಪ್ರತಿ ರೋಗಿಯ ಒಡಹುಟ್ಟಿದವರಿಗೂ ಮಕ್ಕಳಿಗೂ ಅದೇ ದೋಷ ಇರುವ ಸಾಧ್ಯತೆ ನೂರಕ್ಕೆ ಐವತ್ತು. ಅಂಥವರಿಗೆ ಮೂರು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡಕರುಳಿನ ತಪಾಸಣೆ) ಮಾಡಿ 15 ವರ್ಷ ಗಮನಿಸಿದ ಫಿನ್ಲೆಂಡಿನ ಅಧ್ಯಯನವೊಂದು, ತಪಾಸಣೆಗೆ ಒಳಗಾಗದವರಿಗೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ನೂರಕ್ಕೆ 62ರಷ್ಟು ಕಡಿಮೆಯಾದದ್ದನ್ನು 2000ದಲ್ಲಿ ವರದಿ ಮಾಡಿತು. ಹೀಗಾಗಿ ಒಬ್ಬರಲ್ಲಿ ಪತ್ತೆಯಾದರೆ ಅದರ ಪ್ರಯೋಜನ ಇಡೀ ಮನೆಗೆ ಸಿಗುತ್ತದೆ.

ಯಾವುದರಿಂದ ಅಳೆಯಬೇಕು?

ದಾರಿಗಳನ್ನು ಅಳೆಯಲು ಐದು ಪ್ರಶ್ನೆಗಳು ಸಾಕು. ಆ ದಾರಿಯಲ್ಲಿ ಎಷ್ಟು ರೋಗಿಗಳು ಕೈತಪ್ಪಿ ಹೋಗುತ್ತಾರೆ? ಖರ್ಚೆಷ್ಟು, ಅದನ್ನು ಕೊಡುವವರು ಯಾರು? ಇರುವ ಪ್ರಯೋಗಾಲಯದಲ್ಲಿ ಅದು ಆಗುತ್ತದೆಯೇ? ಈಗಿನ ರೋಗಿಯ ಚಿಕಿತ್ಸೆಗೂ ಅದರಿಂದ ಉಪಯೋಗವಿದೆಯೇ? ಫಲಿತಾಂಶ ಬಂದ ಮೇಲೆ ಆಸ್ಪತ್ರೆ ಇನ್ನೆಷ್ಟು ಹೆಜ್ಜೆ ಇಡಬೇಕು, ಆ ಹೆಜ್ಜೆಗಳನ್ನು ಇಡುವವರು ಇದ್ದಾರೆಯೇ?

ಹೋಲಿಕೆಗಳು ಸಾಮಾನ್ಯವಾಗಿ ಮೊದಲ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ನಾನು ಹೆಚ್ಚು ತೂಕ ಕೊಡುವುದು ಐದನೆಯದಕ್ಕೆ. ಪರೀಕ್ಷೆಯ ಸೂಕ್ಷ್ಮತೆಯ ಕೊರತೆಯಿಂದ ತಪ್ಪಿಹೋಗುವವರಿಗಿಂತ, ಅಸಹಜ ವರದಿ ಕಡತದಲ್ಲಿ ಸೇರಿ ಅದನ್ನು ಯಾರೂ ಓದದೆ, ಓದಿದರೂ ರೋಗಿಗೆ ಹೇಳದೆ ತಪ್ಪಿಹೋಗುವವರ ಬಗ್ಗೆಯೇ ಆಸ್ಪತ್ರೆಗಳು ಹೆಚ್ಚು ಚಿಂತಿಸಬೇಕು.

ಕುಟುಂಬದ ಚರಿತ್ರೆ: ಬಿಡಿಗಾಸಿನ ಖರ್ಚಿಲ್ಲದ್ದು, ಆದರೆ ಸುಲಭವಲ್ಲ

ಇದು ಎಲ್ಲಕ್ಕಿಂತ ಹಳೆಯ ದಾರಿ. ತನ್ನ ಮನೆಯವರೆಲ್ಲ ಹೋದಂತೆ ತಾನೂ ಕ್ಯಾನ್ಸರಿನಿಂದಲೇ ಹೋಗುವೆನೆಂದು ಬಟ್ಟೆ ಹೊಲಿಯುವ ಹೆಂಗಸೊಬ್ಬಳು 1895ರಲ್ಲಿ ಮಿಶಿಗನ್‌ನ ಪೆಥಾಲಜಿಸ್ಟ್ ಆಲ್ಡ್ರೆಡ್ ವಾರ್ಥಿನ್ ಅವರಿಗೆ ಹೇಳಿದಳು. ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡ ಅವರು ಅವಳ ಕುಟುಂಬದ ವಿವರಗಳನ್ನು 1913ರಲ್ಲಿ ಪ್ರಕಟಿಸಿದರು. ನೆಬ್ರಾಸ್ಕದ ಹೆನ್ರಿ ಲಿಂಚ್ 1966ರಲ್ಲಿ ಇಂಥದೇ ಎರಡು ಕುಟುಂಬಗಳನ್ನು ವಿವರಿಸಿದರು. ಜೀನ್‌ಗಳು ಗೊತ್ತಾದದ್ದು 1993ರ ನಂತರ. ಅದಕ್ಕೂ ಮೊದಲು, 1991ರಲ್ಲಿ, ಆಮ್‌ಸ್ಟರ್‌ಡ್ಯಾಮ್ ಮಾನದಂಡಗಳು ಬಂದವು: ಮೂವರು ಬಂಧುಗಳಿಗೆ ಕರುಳಿನ ಕ್ಯಾನ್ಸರ್ ಇರಬೇಕು, ಅವರಲ್ಲಿ ಒಬ್ಬರು ಉಳಿದಿಬ್ಬರಿಗೆ ತಂದೆ, ತಾಯಿ, ಮಕ್ಕಳು ಅಥವಾ ಒಡಹುಟ್ಟಿದವರಾಗಿರಬೇಕು, ಎರಡು ತಲೆಮಾರು ಬಾಧಿತವಾಗಿರಬೇಕು, ಒಬ್ಬರಿಗಾದರೂ 50ರ ಒಳಗೆ ಬಂದಿರಬೇಕು, ಎಫ್‌ಎಪಿ ಅಲ್ಲವೆಂದು ಖಚಿತವಾಗಿರಬೇಕು. 1999ರಲ್ಲಿ ಗರ್ಭಕೋಶ, ಸಣ್ಣಕರುಳು, ಮೂತ್ರನಾಳಗಳ ಕ್ಯಾನ್ಸರ್‌ಗಳನ್ನೂ ಸೇರಿಸಲಾಯಿತು. 2004ರ ಪರಿಷ್ಕೃತ ಬೆಥೆಸ್ಡಾ ಸೂತ್ರಗಳು ಬಾಗಿಲನ್ನು ಇನ್ನಷ್ಟು ಅಗಲ ಮಾಡಿದವು. 50ರ ಒಳಗೆ ಕರುಳಿನ ಕ್ಯಾನ್ಸರ್ ಬಂದರೆ ಅಷ್ಟೇ ಗೆಡ್ಡೆ ಪರೀಕ್ಷೆಗೆ ಸಾಕೆಂದವು.

ಎಷ್ಟು ಅಗಲ ಮಾಡಿದರೂ ಕೆಲವರು ಹೊರಗೇ ಉಳಿಯುತ್ತಾರೆ. ಒಹಾಯೊದಲ್ಲಿ 1,066 ರೋಗಿಗಳನ್ನು ಪರೀಕ್ಷಿಸಿದ 2005ರ ಪ್ರಸಿದ್ಧ ಅಧ್ಯಯನದಲ್ಲಿ 23 ಮಂದಿಗೆ ಲಿಂಚ್ ಇತ್ತು. ಅವರಲ್ಲಿ 10 ಮಂದಿ 50 ದಾಟಿದವರು. ಐವರು ಆಮ್‌ಸ್ಟರ್‌ಡ್ಯಾಮ್‌ಗೂ ಬೆಥೆಸ್ಡಾಗೂ ಸಿಗದವರು. 10,206 ರೋಗಿಗಳ ಮಾಹಿತಿ ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ ಬೆಥೆಸ್ಡಾ ಸೂತ್ರ ಹಿಡಿದದ್ದು ನೂರಕ್ಕೆ 87.8ರಷ್ಟನ್ನು. ಇದು ಚರಿತ್ರೆಯನ್ನು ಎಚ್ಚರದಿಂದ ಬರೆದುಕೊಂಡ ಸಂಶೋಧನಾ ಕೇಂದ್ರಗಳ ಅಂಕಿ ಎಂಬುದನ್ನು ಮರೆಯಬಾರದು. ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ಇಷ್ಟು ಸಿಗುವ ನಿರೀಕ್ಷೆ ಬೇಡ.

ನಮ್ಮಲ್ಲಿ ಚರಿತ್ರೆ ಕೇಳುವುದಕ್ಕೆ ಅದರದೇ ತೊಡಕುಗಳಿವೆ. “ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತೇ?” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರ ಬರುತ್ತದೆ, ಏಕೆಂದರೆ ಹಿರಿಯರು “ಹೊಟ್ಟೆನೋವಿನಿಂದ”, “ಮೂಲವ್ಯಾಧಿಯಿಂದ”, “ಕಾಮಾಲೆಯಿಂದ” ತೀರಿಕೊಂಡಿರುತ್ತಾರೆ. ಗರ್ಭಕೋಶದ ಕ್ಯಾನ್ಸರ್ ಲಿಂಚ್‌ನ ಮುಖ್ಯ ಸುಳಿವು. ಆದರೆ ನಮ್ಮ ಊರುಗಳಲ್ಲಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಅನೇಕರಿದ್ದು, ಏಕೆ ತೆಗೆದರು ಎಂಬುದು ಮಕ್ಕಳಿಗೆ ತಿಳಿದಿರುವುದಿಲ್ಲ. ತಂದೆಯ ಕಡೆಯವರ ಸುದ್ದಿ ಸಿಕ್ಕಷ್ಟು ತಾಯಿಯ ತವರಿನವರ ಸುದ್ದಿ ಸಿಗದು. ಆದ್ದರಿಂದ ಪ್ರಶ್ನೆಯನ್ನೇ ಬದಲಿಸಬೇಕು: ತಾಯಿಗೆ ಒಡಹುಟ್ಟಿದವರು ಎಷ್ಟು ಮಂದಿ, ಸೋದರಮಾವಂದಿರಲ್ಲಿ ಯಾರು ಯಾವ ವಯಸ್ಸಿನಲ್ಲಿ ತೀರಿಕೊಂಡರು, ಚಿಕ್ಕಮ್ಮ, ಸೋದರತ್ತೆಯರಲ್ಲಿ ಯಾರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು, ಯಾವ ಆಸ್ಪತ್ರೆಯಲ್ಲಿ? ಜೊತೆಗೆ ಬಂದ ಹಿರಿಯ ಹೆಂಗಸನ್ನು ಕೇಳಿದರೆ ರೋಗಿಗಿಂತ ಹೆಚ್ಚು ತಿಳಿಯುತ್ತದೆ.

ಇನ್ನೊಂದು ಮುಖ್ಯ ವಿಚಾರ ರಕ್ತಸಂಬಂಧದ ಮದುವೆಗಳದ್ದು. ಮ್ಯುಟಿವೈಎಚ್ ಪಾಲಿಪೋಸಿಸ್ ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ತಂದೆತಾಯಿಗೆ ಕಾಯಿಲೆ ಇಲ್ಲದಿರಬಹುದು, ಒಡಹುಟ್ಟಿದವರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಬರುವ ಸಾಧ್ಯತೆ ಇರುತ್ತದೆ. ಬ್ರಿಟನ್ನಿನಲ್ಲಿ ನೆಲಸಿದ ಗುಜರಾತಿ ಮೂಲದ ಕುಟುಂಬಗಳಲ್ಲಿ ಈ ಜೀನಿನ ಒಂದು ನಿರ್ದಿಷ್ಟ ದೋಷ ಮತ್ತೆ ಮತ್ತೆ ಕಂಡುಬಂದಿದೆ. ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ದಕ್ಷಿಣ ಭಾರತದಲ್ಲಿ “ತಂದೆತಾಯಿಗೆ ಇರಲಿಲ್ಲ, ಆದ್ದರಿಂದ ಆನುವಂಶಿಕವಲ್ಲ” ಎಂಬ ತರ್ಕ ಹಾದಿ ತಪ್ಪಿಸುತ್ತದೆ. ತಂದೆತಾಯಿ ಮದುವೆಗೆ ಮೊದಲೇ ಬಂಧುಗಳೇ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಹಾಗಾದರೆ ಚರಿತ್ರೆಯನ್ನು ಕೈಬಿಡಬೇಕೇ? ಖಂಡಿತ ಇಲ್ಲ. ಇನ್ನೂ ಕ್ಯಾನ್ಸರ್ ಬಾರದ ಆರೋಗ್ಯವಂತರನ್ನು ಗುರುತಿಸಲು ಗೆಡ್ಡೆಯೇ ಇರುವುದಿಲ್ಲ. ಅಲ್ಲಿ ಇರುವುದು ಚರಿತ್ರೆಯೊಂದೇ. ಒಂದೇ ಸೋಸುಜಾಲವಾಗಿ ಅದನ್ನು ನಂಬುವುದು ಮಾತ್ರ ತಪ್ಪು.

ಲೆಕ್ಕಾಚಾರದ ಮಾದರಿಗಳು

ಪ್ರೆಮ್5ನಂಥ ಮಾದರಿಗಳು ವಯಸ್ಸು, ಲಿಂಗ, ರೋಗಿಯ ಮತ್ತು ಬಂಧುಗಳ ಕ್ಯಾನ್ಸರ್ ವಿವರಗಳನ್ನು ಪಡೆದು ಲಿಂಚ್ ಇರುವ ಸಾಧ್ಯತೆಯನ್ನು ಶೇಕಡಾವಾರು ಹೇಳುತ್ತವೆ, ಅದು 2.5 ಅಥವಾ ಹೆಚ್ಚಾದರೆ ಜೀನ್ ಪರೀಕ್ಷೆಗೆ ಕಳುಹಿಸಬಹುದು. ಅಂತರ್ಜಾಲದಲ್ಲಿ ಉಚಿತ, ಕೆಲವು ನಿಮಿಷದ ಕೆಲಸ. ಇದನ್ನು ಕಟ್ಟಿದ್ದು ಅಮೆರಿಕದಲ್ಲಿ ಜೀನ್ ಪರೀಕ್ಷೆಗೆ ಬಂದವರ ಮಾಹಿತಿಯಿಂದ; ಮೇಲೆ ಹೇಳಿದ ಅರೆಬರೆ ಚರಿತ್ರೆಯನ್ನು ತುಂಬಿದರೆ ಬರುವ ಉತ್ತರವೂ ಅರೆಬರೆಯೇ. ಆರೋಗ್ಯವಂತ ಬಂಧುಗಳ ಸಮಾಲೋಚನೆಯಲ್ಲಿ ಇದಕ್ಕೆ ಜಾಗವಿದೆ, ಕ್ಯಾನ್ಸರ್ ರೋಗಿಯ ಮಟ್ಟಿಗೆ ಗೆಡ್ಡೆ ಕೈಯಲ್ಲಿರುವಾಗ ಇದರ ಅಗತ್ಯ ಕಡಿಮೆ.

ಗೆಡ್ಡೆಯ ಪರೀಕ್ಷೆ: ಐಎಚ್‌ಸಿ

ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಅಂದರೆ ಐಎಚ್‌ಸಿಯಲ್ಲಿ, ಮೇಲೆ ಹೇಳಿದ ನಾಲ್ಕು ಜೀನ್‌ಗಳ ಪ್ರೋಟೀನುಗಳು ಗೆಡ್ಡೆಯ ಜೀವಕೋಶಗಳಲ್ಲಿ ಇವೆಯೇ ಎಂದು ಬಣ್ಣ ಹಾಕಿ ನೋಡುತ್ತಾರೆ. ಸ್ತನ ಕ್ಯಾನ್ಸರ್‌ಗೆ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆ ಮಾಡುವ ಯಾವುದೇ ಪೆಥಾಲಜಿ ಪ್ರಯೋಗಾಲಯಕ್ಕೆ ಈ ವಿಧಾನ ಹೊಸದಲ್ಲ. ಖರ್ಚು ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತದೆ. ಯಾವ ಪ್ರೋಟೀನು ಕಾಣೆಯಾಗಿದೆ ಎಂಬುದರಿಂದ ಯಾವ ಜೀನ್ ನೋಡಬೇಕೆಂಬ ಸುಳಿವೂ ಸಿಗುತ್ತದೆ.

ಬಜೆಟ್ ಬಿಗಿಯಾಗಿರುವಲ್ಲಿ ತಿಳಿದಿರಬೇಕಾದ ಸಂಗತಿ ಒಂದಿದೆ. ಈ ಪ್ರೋಟೀನುಗಳು ಜೋಡಿಯಾಗಿ ಕೆಲಸ ಮಾಡುತ್ತವೆ. ಎಂಎಲ್‌ಎಚ್1 ಇಲ್ಲವಾದರೆ ಅದರ ಜೊತೆಗಾರ ಪಿಎಂಎಸ್2ವೂ ಉಳಿಯದು. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಕೂಡ ಹೋಗುತ್ತದೆ. ಹೀಗಾಗಿ ಮೊದಲು ಪಿಎಂಎಸ್2 ಮತ್ತು ಎಂಎಸ್‌ಎಚ್6 ಎರಡನ್ನೇ ನೋಡಿ, ಯಾವುದಾದರೂ ಕಾಣೆಯಾದರೆ ಮಾತ್ರ ಉಳಿದೆರಡನ್ನು ಮಾಡಿದರೆ ಖರ್ಚು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ನಷ್ಟ ಅತ್ಯಲ್ಪ. ನಾಲ್ಕನ್ನೂ ಮಾಡಲಾಗದೆಂದು ಯಾರಿಗೂ ಮಾಡದಿರುವುದಕ್ಕಿಂತ ಇದು ಎಷ್ಟೋ ಮೇಲು.

ಈ ದಾರಿಯ ದೊಡ್ಡ ಬಲ, ಅದು ಇಂದಿನ ರೋಗಿಗೂ ನೆರವಾಗುವುದು. ರಿಪೇರಿ ಪ್ರೋಟೀನು ಕಾಣೆಯಾದ ಎರಡನೇ ಹಂತದ ಕರುಳಿನ ಕ್ಯಾನ್ಸರ್‌ನಲ್ಲಿ ಆಪರೇಷನ್ ನಂತರ 5-ಎಫ್‌ಯು ಎಂಬ ಕೀಮೋ ಔಷಧ ಒಂದನ್ನೇ ಕೊಡುವುದರಿಂದ ಲಾಭವಿಲ್ಲ. ಬೇಡದ ಕೀಮೋಥೆರಪಿಯ ಸಂಕಟವೂ ಖರ್ಚೂ ಉಳಿಯುತ್ತದೆ. ಹರಡಿದ ಕಾಯಿಲೆಯಲ್ಲಿ ಇಂಥ ಗೆಡ್ಡೆಗಳಿಗೆ ಪೆಂಬ್ರೊಲಿಜುಮ್ಯಾಬ್ ಮೊದಲ ಸಾಲಿನ ಔಷಧವಾಗಿ 2020ರಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಗುದನಾಳದ ಇಂಥ ಗೆಡ್ಡೆಗಳಿಗೆ ಡೊಸ್ಟಾರ್ಲಿಮ್ಯಾಬ್ ಕೊಟ್ಟ ನ್ಯೂಯಾರ್ಕಿನ ಸಣ್ಣ ಅಧ್ಯಯನದಲ್ಲಿ, 2022ರ ವರದಿಯ ಪ್ರಕಾರ, ಚಿಕಿತ್ಸೆ ಮುಗಿಸಿದ ಮೊದಲ 12 ಮಂದಿಯಲ್ಲಿ 12 ಮಂದಿಗೂ ಗೆಡ್ಡೆ ಕಾಣದಾಯಿತು. ಈ ಔಷಧಗಳ ಬೆಲೆ ನಮ್ಮ ಹೆಚ್ಚಿನ ಕುಟುಂಬಗಳ ಕೈಗೆ ಎಟುಕದು, ನಿಜ; ಆದರೂ ಎಟುಕಿಸಿಕೊಳ್ಳಬಲ್ಲವರಿಗೆ ಆ ಆಯ್ಕೆ ಇದೆಯೆಂದು ಹೇಳಲಾದರೂ ಐಎಚ್‌ಸಿ ಆಗಿರಬೇಕು.

ತೊಡಕುಗಳು ಎರಡು. ಮೊದಲನೆಯದು ಮಾದರಿಯ ಗುಣಮಟ್ಟ. ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವಕ್ಕೆ ತಡವಾಗಿ ಹಾಕಿದ, ಅಥವಾ ದೊಡ್ಡ ಕರುಳ ತುಂಡನ್ನು ಕತ್ತರಿಸದೆ ಸಣ್ಣ ಡಬ್ಬಿಯಲ್ಲಿ ತುರುಕಿ ತಾಲ್ಲೂಕಿನಿಂದ ಕಳುಹಿಸಿದ ಮಾದರಿಯಲ್ಲಿ ಬಣ್ಣ ಸರಿಯಾಗಿ ಹತ್ತುವುದಿಲ್ಲ. ಅದೇ ಸ್ಲೈಡಿನಲ್ಲಿರುವ ಸಹಜ ಜೀವಕೋಶಗಳಿಗೆ ಬಣ್ಣ ಹತ್ತಿದ್ದರೆ ಮಾತ್ರ ಗೆಡ್ಡೆಯಲ್ಲಿ “ಇಲ್ಲ” ಎಂಬ ವರದಿಯನ್ನು ನಂಬಬೇಕು. ಕೊಲೊನೊಸ್ಕೋಪಿಯ ಸಣ್ಣ ಬಯಾಪ್ಸಿ ಬೇಗ ಫಾರ್ಮಲಿನ್ ಹೀರುವುದರಿಂದ ಅದರಲ್ಲೇ ಪರೀಕ್ಷಿಸುವುದು ಉತ್ತಮ. ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಶನ್ ಕೊಟ್ಟ ಮೇಲೆ ಎಂಎಸ್‌ಎಚ್6ರ ಬಣ್ಣ ಮಸುಕಾಗುವುದುಂಟು. ಅಲ್ಲಿ ಚಿಕಿತ್ಸೆಗೆ ಮುಂಚಿನ ಬಯಾಪ್ಸಿಯೇ ಆಗಬೇಕು. ಆಪರೇಷನ್‌ಗೆ ಮೊದಲೇ ಫಲಿತಾಂಶ ಬಂದರೆ ಕರುಳನ್ನು ಎಷ್ಟು ತೆಗೆಯಬೇಕೆಂಬುದನ್ನೂ ರೋಗಿಯೊಂದಿಗೆ ಮಾತಾಡಿ ನಿರ್ಧರಿಸಬಹುದು.

ಎರಡನೆಯದು, ಅಸಹಜ ವರದಿಯೆಲ್ಲ ಲಿಂಚ್ ಅಲ್ಲ. ಕರುಳಿನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು 15ರಲ್ಲಿ ರಿಪೇರಿ ವ್ಯವಸ್ಥೆ ಕೆಟ್ಟಿರುತ್ತದೆ. ಅವುಗಳಲ್ಲಿ ಹೆಚ್ಚಿನವು ವಯಸ್ಸಾದವರಲ್ಲಿ ಎಂಎಲ್‌ಎಚ್1 ಜೀನ್ ಗೆಡ್ಡೆಯೊಳಗೆ ಮಾತ್ರ ಮೀಥೈಲೀಕರಣದಿಂದ (ಜೀನಿಗೆ ಅಂಟಿ ಅದನ್ನು ಸುಮ್ಮನಾಗಿಸುವ ರಾಸಾಯನಿಕ ಗುರುತಿನಿಂದ) ಮುಚ್ಚಿಹೋದವು, ವಂಶದಿಂದ ಬಂದವಲ್ಲ. ಆದ್ದರಿಂದ ಎಂಎಲ್‌ಎಚ್1 ಕಾಣೆಯಾದರೆ ಮುಂದೆ ಗೆಡ್ಡೆಯಲ್ಲಿ ಬಿಆರ್‌ಎಎಫ್ ಜೀನಿನ ವಿ600ಇ ಎಂಬ ಬದಲಾವಣೆ ಇದೆಯೇ ಎಂಬ ಪರೀಕ್ಷೆ. ಅದು ಇದ್ದರೆ ಲಿಂಚ್ ಬಹುಮಟ್ಟಿಗೆ ಅಲ್ಲ. ಇಲ್ಲದಿದ್ದರೆ ಮೀಥೈಲೀಕರಣದ ಪರೀಕ್ಷೆ. ಅದೂ ಇಲ್ಲದಿದ್ದರೆ ರಕ್ತದ ಜೀನ್ ಪರೀಕ್ಷೆ. ಬ್ರಿಟನ್ನಿನ ನೈಸ್ ಸಂಸ್ಥೆ ಎಲ್ಲ ಹೊಸ ಕರುಳಿನ ಕ್ಯಾನ್ಸರ್ ರೋಗಿಗಳಿಗೂ ಈ ಮೆಟ್ಟಿಲುಗಳನ್ನೇ 2017ರಲ್ಲಿ ಶಿಫಾರಸು ಮಾಡಿತು. ಕಾಗದದ ಮೇಲೆ ಇದು ಅಚ್ಚುಕಟ್ಟು. ನಮ್ಮಲ್ಲಿ ಒಂದೊಂದು ಮೆಟ್ಟಿಲಿಗೂ ರೋಗಿ ಮತ್ತೆ ಊರಿನಿಂದ ಬರಬೇಕು, ಮತ್ತೆ ಹಣ ಹೊಂದಿಸಬೇಕು. ಪ್ರತಿ ಮೆಟ್ಟಿಲಿನಲ್ಲೂ ಕೆಲವರು ಉದುರಿಹೋಗುತ್ತಾರೆ. 60ರ ಒಳಗಿನ ರೋಗಿಯಲ್ಲಿ ಎಂಎಲ್‌ಎಚ್1 ಕಾಣೆಯಾದಾಗ, ಹಣಕ್ಕೆ ದಾರಿಯಿದ್ದರೆ, ನಡುವಿನ ಮೆಟ್ಟಿಲುಗಳನ್ನು ಬಿಟ್ಟು ನೇರ ಜೀನ್ ಪರೀಕ್ಷೆಗೆ ಹೋಗುವುದು ವಿವೇಕವೆಂದು ನನ್ನ ಅಭಿಪ್ರಾಯ. ಎಂಎಸ್‌ಎಚ್2, ಎಂಎಸ್‌ಎಚ್6 ಕಾಣೆಯಾದರಂತೂ ಯಾವ ವಯಸ್ಸಿನಲ್ಲೂ ನೇರ ಜೀನ್ ಪರೀಕ್ಷೆಯೇ.

ಎಲ್ಲರಿಗೂ ಐಎಚ್‌ಸಿ ಮಾಡಲಾಗದ ಕಡೆ 70ರ ಒಳಗಿನವರೆಲ್ಲರಿಗೂ, 70 ದಾಟಿದವರಲ್ಲಿ ಬೆಥೆಸ್ಡಾಗೆ ಹೊಂದುವವರಿಗೂ ಮಾಡುವ ನಡುಹಾದಿಯಿದೆ. 2012ರ ಅದೇ ವಿಶ್ಲೇಷಣೆಯಲ್ಲಿ ಇದು ನೂರಕ್ಕೆ 95.1ರಷ್ಟನ್ನು ಹಿಡಿದಿತ್ತು. ಎಲ್ಲರಿಗೂ ಮಾಡುವ ದಾರಿಗೆ ಅಲ್ಲಿ ನೂರಕ್ಕೆ ನೂರು ಬಂದದ್ದು ಗೆಡ್ಡೆ ಪರೀಕ್ಷೆಯೇ ಅಳತೆಯ ಆಧಾರವಾಗಿದ್ದರಿಂದ. ವಾಸ್ತವದಲ್ಲಿ ಪ್ರೋಟೀನು ಆಕಾರದಲ್ಲಿದ್ದೂ ಕೆಲಸ ಮಾಡದ ಕೆಲವು ದೋಷಗಳನ್ನು ಐಎಚ್‌ಸಿ ಸಹಜವೆಂದೇ ತೋರಿಸುತ್ತದೆ.

ಎಂಎಸ್‌ಐ ಪರೀಕ್ಷೆ

ಪಿಸಿಆರ್ ಮೂಲಕ ಡಿಎನ್‌ಎಯ ಪುನರಾವರ್ತಿತ ತುಣುಕುಗಳ ಉದ್ದ ಬದಲಾಗಿದೆಯೇ ಎಂದು ನೋಡುವ ಎಂಎಸ್‌ಐ ಪರೀಕ್ಷೆ ಐಎಚ್‌ಸಿಗೆ ಸರಿಸಮಾನ. ಐಎಚ್‌ಸಿ ಸಹಜವೆಂದು ಬಿಟ್ಟುಬಿಡುವ, ಮೇಲೆ ಹೇಳಿದಂಥ ಕೆಲವು ದೋಷಗಳನ್ನು ಇದು ಹಿಡಿಯುತ್ತದೆ, ಎಂಎಸ್‌ಎಚ್6ರ ಕೆಲವನ್ನು ಬಿಡುತ್ತದೆ, ಯಾವ ಜೀನ್ ಎಂದು ಹೇಳುವುದಿಲ್ಲ, ಅಣುಜೀವಶಾಸ್ತ್ರದ ಪ್ರಯೋಗಾಲಯ ಬೇಕು. ಐಎಚ್‌ಸಿ ಅನುಮಾನಾಸ್ಪದವಾದಾಗ ಇದನ್ನು ಎರಡನೇ ಅಭಿಪ್ರಾಯವಾಗಿ ಬಳಸಿದರೆ ಸಾಕು.

ನೇರ ಜೀನ್ ಪ್ಯಾನೆಲ್

ರಕ್ತದಿಂದ ಹತ್ತಾರು ಜೀನ್‌ಗಳನ್ನು ಒಮ್ಮೆಗೇ ಓದುವ ಪ್ಯಾನೆಲ್ ಪರೀಕ್ಷೆಗಳು ಇಂದು ಬೆಂಗಳೂರಿನಲ್ಲೇ ಆಗುತ್ತವೆ. ಖರ್ಚು ಹತ್ತಾರು ಸಾವಿರ ರೂಪಾಯಿಗಳ ಮಟ್ಟದ್ದು. ಒಹಾಯೊದಲ್ಲೇ 50ರ ಒಳಗಿನ 450 ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಪ್ಯಾನೆಲ್ ಮಾಡಿದ 2017ರ ಅಧ್ಯಯನದಲ್ಲಿ 72 ಮಂದಿಗೆ, ಅಂದರೆ ನೂರಕ್ಕೆ 16ರಷ್ಟು ಜನರಿಗೆ, ಆನುವಂಶಿಕ ದೋಷ ಸಿಕ್ಕಿತು. ಅವರಲ್ಲಿ ಮೂರನೇ ಒಂದು ಭಾಗ ಚಾಲ್ತಿಯಲ್ಲಿದ್ದ ಮಾನದಂಡಗಳ ಪ್ರಕಾರ ಆ ಪರೀಕ್ಷೆಗೆ ಅರ್ಹರೇ ಅಲ್ಲ. ಎಫ್‌ಎಪಿ, ಮ್ಯುಟಿವೈಎಚ್ ಗೆಡ್ಡೆಗಳು ಐಎಚ್‌ಸಿಯಲ್ಲಿ ಸಾಮಾನ್ಯವಾಗಿ ಸಹಜವಾಗಿಯೇ ಕಾಣುವುದರಿಂದ ಅವುಗಳಿಗೆ ಜೀನ್ ಪರೀಕ್ಷೆಯೇ ಗತಿ. ಕೊಲೊನೊಸ್ಕೋಪಿಯಲ್ಲಿ ಹತ್ತು ಅಥವಾ ಹೆಚ್ಚು ಅಡಿನೋಮ ಪಾಲಿಪ್‌ಗಳು ಕಂಡರೆ, ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ, ಪರೀಕ್ಷಿಸಬೇಕು. ಎಫ್‌ಎಪಿ ರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರಷ್ಟು ಜನರಿಗೆ ದೋಷ ಹೊಸದಾಗಿ ಹುಟ್ಟಿರುತ್ತದೆ.

ಹೆಜ್ಜೆಗಳು ಕಡಿಮೆ ಎಂಬುದು ಇದರ ಆಕರ್ಷಣೆ. ಬೆಲೆ ತೆರಬೇಕಾದದ್ದು ಇನ್ನೊಂದು ರೂಪದಲ್ಲಿ: “ಅರ್ಥ ಸ್ಪಷ್ಟವಿಲ್ಲದ ವ್ಯತ್ಯಾಸ” ಎಂಬ ವರದಿಗಳು. ಜಗತ್ತಿನ ಜೀನ್ ಮಾಹಿತಿ ಕೋಶಗಳಲ್ಲಿ ಭಾರತೀಯರ ಪಾಲು ಕಡಿಮೆಯಿರುವುದರಿಂದ ಇಂಥ ವರದಿಗಳು ನಮ್ಮವರಿಗೆ ಹೆಚ್ಚು ಬರುತ್ತವೆ. ಇದರ ಆಧಾರದ ಮೇಲೆ ಆಪರೇಷನ್ ಮಾಡಬಾರದು, ಬಂಧುಗಳನ್ನು ಪರೀಕ್ಷಿಸಲೂಬಾರದು. ಇದನ್ನು ವಿವರಿಸಿ ಹೇಳುವವರಿಲ್ಲದ ಕಡೆ ಪ್ಯಾನೆಲ್ ಮಾಡಿಸುವುದು ಗಾಬರಿಯನ್ನು ಹಣ ಕೊಟ್ಟು ಕೊಂಡಂತೆ. ಪ್ರಯೋಗಾಲಯವನ್ನು ಆರಿಸುವಾಗ ಬೆಲೆಯೊಂದನ್ನೇ ನೋಡದೆ, ಜೀನಿನ ದೊಡ್ಡ ಭಾಗಗಳೇ ಅಳಿದುಹೋದದ್ದನ್ನು ಹಿಡಿಯುತ್ತಾರೆಯೇ, ಇಪಿಸಿಎಎಂ ಸೇರಿದೆಯೇ, ಪಿಎಂಎಸ್2ವನ್ನು ಅದನ್ನೇ ಹೋಲುವ ಹುಸಿ ಜೀನಿನಿಂದ ಹೇಗೆ ಬೇರ್ಪಡಿಸುತ್ತಾರೆ, ಕುಟುಂಬದವರ ಒಂದೇ ದೋಷದ ಪರೀಕ್ಷೆಗೆ ಎಷ್ಟು ತೆಗೆದುಕೊಳ್ಳುತ್ತಾರೆ ಎಂದು ಕೇಳಬೇಕು. ಕೊನೆಯದು ಪೂರ್ಣ ಪ್ಯಾನೆಲ್‌ಗಿಂತ ಬಹಳ ಅಗ್ಗ.

ಯಾರಿಗೆ ಯಾವುದು?

ತಿಂಗಳಿಗೆ ಬೆರಳೆಣಿಕೆಯ ಕರುಳಿನ ಕ್ಯಾನ್ಸರ್ ನೋಡುವ ಜಿಲ್ಲಾ ಆಸ್ಪತ್ರೆಯೋ ಸಣ್ಣ ಖಾಸಗಿ ಆಸ್ಪತ್ರೆಯೋ ಆದರೆ, ಎರಡು ಬಣ್ಣದ (ಪಿಎಂಎಸ್2, ಎಂಎಸ್‌ಎಚ್6 ಮಾತ್ರ ನೋಡುವ) ಐಎಚ್‌ಸಿಯನ್ನು ಬಯಾಪ್ಸಿಯ ಜೊತೆಗೇ, ಬೇರೆ ಆದೇಶಕ್ಕೆ ಕಾಯದೆ ಮಾಡುವಂತೆ ಪೆಥಾಲಜಿಯವರೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಸಾಕು. ರೋಗಿ ಯಾವ ಸರ್ಕಾರಿ ಯೋಜನೆಯ ಅಡಿಯಲ್ಲಿದ್ದಾರೋ ಅದರ ಪ್ಯಾಕೇಜಿನಲ್ಲಿ ಈ ಪರೀಕ್ಷೆ ಸೇರುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಬೇಕು. ಅಸಹಜ ಬಂದವರನ್ನು ಕಳುಹಿಸಲು ಒಂದು ಜೆನೆಟಿಕ್ಸ್ ವಿಭಾಗವನ್ನು ಗೊತ್ತುಮಾಡಿಕೊಳ್ಳಬೇಕು.

ಮೆಡಿಕಲ್ ಕಾಲೇಜುಗಳಿಗೆ ಮತ್ತು ಕ್ಯಾನ್ಸರ್ ಕೇಂದ್ರಗಳಿಗೆ ನಾಲ್ಕು ಬಣ್ಣದ ಐಎಚ್‌ಸಿ ಎಲ್ಲರಿಗೂ, 50ರ ಒಳಗಿನವರಿಗೆ ಐಎಚ್‌ಸಿ ಏನೇ ಹೇಳಲಿ ಪ್ಯಾನೆಲ್, ಎಂಬುದು ಸೂಕ್ತ. ಭಾರತದಲ್ಲಿ ಕರುಳಿನ ಕ್ಯಾನ್ಸರ್ ರೋಗಿಗಳಲ್ಲಿ ಚಿಕ್ಕ ವಯಸ್ಸಿನವರ ಪಾಲು ಪಶ್ಚಿಮದ ದೇಶಗಳಿಗಿಂತ ಹೆಚ್ಚಾಗಿರುವುದರಿಂದ ಈ ಎರಡನೇ ಭಾಗದ ವೆಚ್ಚಕ್ಕೆ ಆಸ್ಪತ್ರೆ ಮುಂಚೆಯೇ ಯೋಜನೆ ಹಾಕಬೇಕು. ಖರ್ಚು ಭರಿಸಬಲ್ಲ, ಜೆನೆಟಿಕ್ ಕೌನ್ಸೆಲರ್ ಲಭ್ಯವಿರುವ ಕಡೆ ಎಲ್ಲ ವಯಸ್ಸಿನವರಿಗೂ ಪ್ಯಾನೆಲ್ ಕೊಡುವುದನ್ನು ಪರಿಗಣಿಸಬಹುದು. ಅಮೆರಿಕದ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟವಾದ ಎನ್‌ಸಿಸಿಎನ್‌ನ ಮಾರ್ಗಸೂಚಿ ಆ ಕಡೆಗೇ ವಾಲಿದೆ. ಆಗಲೂ ಐಎಚ್‌ಸಿಯನ್ನು ಬಿಡುವಂತಿಲ್ಲ, ಚಿಕಿತ್ಸೆಗೆ ಅದು ಬೇಕು.

ಯಾವ ದಾರಿ ಹಿಡಿದರೂ, ವರದಿ ಬಂದಾಗ ಫೋನ್ ಮಾಡಿ ರೋಗಿಯನ್ನು ಕರೆಸುವ ಒಬ್ಬ ವ್ಯಕ್ತಿಯ ಹೆಸರು ಬರೆದಿಟ್ಟಿರಬೇಕು. ಅದು ನರ್ಸ್ ಆಗಿರಬಹುದು, ಕಿರಿಯ ವೈದ್ಯರಾಗಿರಬಹುದು. “ವಿಭಾಗ ನೋಡಿಕೊಳ್ಳುತ್ತದೆ” ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಡಿಸ್ಚಾರ್ಜ್ ಸಾರಾಂಶದಲ್ಲಿ ಐಎಚ್‌ಸಿಯ ಫಲಿತಾಂಶಕ್ಕೆ ಪ್ರತ್ಯೇಕ ಸಾಲು ಇರಬೇಕು. ಬಾಕಿಯಿದ್ದರೆ ಬಾಕಿಯಿದೆ ಎಂದೇ ಬರೆಯಬೇಕು. ದೋಷ ಖಚಿತವಾದ ಮೇಲೆ ರೋಗಿಯ ಕೈಗೆ ಬಂಧುಗಳಿಗೆ ತೋರಿಸಲು ಕನ್ನಡದಲ್ಲಿ ಒಂದು ಪುಟದ ಪತ್ರ ಕೊಡಬೇಕು: ಯಾವ ಜೀನ್, ಯಾವ ದೋಷ, ಯಾರು ಪರೀಕ್ಷೆ ಮಾಡಿಸಿಕೊಳ್ಳಬೇಕು, ಎಂಎಲ್‌ಎಚ್1 ಅಥವಾ ಎಂಎಸ್‌ಎಚ್2 ಆದರೆ 20–25ನೇ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಬೇಕು, ಎಂಎಸ್‌ಎಚ್6 ಅಥವಾ ಪಿಎಂಎಸ್2 ಆದರೆ ಇನ್ನಷ್ಟು ತಡವಾಗಿ ಆರಂಭಿಸಬಹುದು, ಹೆಂಗಸರು ಗರ್ಭಕೋಶದ ಬಗ್ಗೆಯೂ ವೈದ್ಯರನ್ನು ಕಾಣಬೇಕು. ಲಿಂಚ್‌ಗೆ ಮಕ್ಕಳನ್ನು ಪ್ರಾಯಕ್ಕೆ ಬರುವ ಮೊದಲು ಪರೀಕ್ಷಿಸುವ ಅಗತ್ಯವಿಲ್ಲ. ಎಫ್‌ಎಪಿಯಲ್ಲಿ ಮಾತ್ರ 10–12ನೇ ವಯಸ್ಸಿಗೇ ತಪಾಸಣೆ ಆರಂಭ.

ಕೊನೆಯ ಹಂತದಲ್ಲಿರುವ ರೋಗಿಯ ವಿಷಯದಲ್ಲಿ “ಈಗೇಕೆ ಈ ಪರೀಕ್ಷೆ” ಎಂದು ವೈದ್ಯರೂ ಮನೆಯವರೂ ಹಿಂಜರಿಯುವುದು ಸಹಜ. ಆದರೆ ಕುಟುಂಬದಲ್ಲಿ ಯಾವ ದೋಷ ಹರಿಯುತ್ತಿದೆ ಎಂಬುದಕ್ಕೆ ಅವರ ರಕ್ತವೇ ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ. ಅವರು ಹೋದ ಮೇಲೆ ಉಳಿಯುವುದು ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಗೆಡ್ಡೆಯ ತುಣುಕು) ಮಾತ್ರ, ಅದರಿಂದ ಜೀನ್ ಓದುವುದು ಕಷ್ಟ. ಒಪ್ಪಿಗೆ ಪಡೆದು ಸ್ವಲ್ಪ ರಕ್ತ ತೆಗೆದು ಡಿಎನ್‌ಎ ಬೇರ್ಪಡಿಸಿ ಇಡಿಸಬೇಕು. ಪೂರ್ಣ ಪರೀಕ್ಷೆಯನ್ನು ಮಕ್ಕಳು ಹಣ ಹೊಂದಿಸಿಕೊಂಡ ಮೇಲೆ ಮಾಡಿಸಬಹುದು.